ಮೇಷ್ಟ್ರ ಹೆಸರು ಯಾಕಿಷ್ಟು ಸಣ್ಣಗೆ?

ಗುಬ್ಬಿ ಕಡೆಯ ನಮ್ಮೂರಲ್ಲಿ ಈ ಸಲವೂ ಕುರುಕ್ಷೇತ್ರ ನಾಟಕ. ಅಣ್ಣ ವಾಟ್ಸಾಪ್‌ನಲ್ಲಿ ಕರಪತ್ರ ಕಳಿಸಿದ್ದ. ಮೇಲೆ ರಾಜಕಾರಣಿಗಳ ಫೋಟೋ, ಆಮೇಲೆ ಪಾತ್ರಧಾರಿಗಳು, ಆಮೇಲೆ ಸೀನರಿಯವರು, ಶಾಮಿಯಾನದವರು. ಎಲ್ಲಕ್ಕಿಂತ ಕೆಳಗೆ, ದೊಡ್ಡದು ಮಾಡಿದರೆ ಮಾತ್ರ ಕಾಣುವ ಹಾಗೆ, ಹಾರ್ಮೋನಿಯಂ ಮೇಷ್ಟ್ರ ಹೆಸರು. ಫ್ರಾಂಕ್‌ಫರ್ಟ್‌ನಲ್ಲಿ ಕೂತು ಅದನ್ನು ನೋಡಿ ಹೊಟ್ಟೆ ಉರಿಯಿತು.

ನಾನಿರುವ ಈ ಊರಲ್ಲಿ ಪಿಯಾನೋ ವಾದಕಿ ಕ್ಲಾರಾ ಶೂಮನ್ ಪಾಠ ಹೇಳುತ್ತಿದ್ದರು. 1819ರಲ್ಲಿ ಲೈಪ್‌ಜಿಗ್‌ನಲ್ಲಿ ಹುಟ್ಟಿದವರು. ಒಂಬತ್ತನೇ ವಯಸ್ಸಿಗೇ ದೊಡ್ಡ ವೇದಿಕೆಯಲ್ಲಿ ಪಿಯಾನೋ ನುಡಿಸಿದರು. 1835ರಲ್ಲಿ, ಹದಿನಾರು ತುಂಬಿದ ಹುಡುಗಿ, ತಾನೇ ಬರೆದ ಕನ್ಚರ್ಟೋ, ಅಂದರೆ ಪಿಯಾನೋ ಜೊತೆ ವಾದ್ಯವೃಂದವೂ ನುಡಿಸುವ ಕೃತಿ, ನುಡಿಸಿದಾಗ ವಾದ್ಯವೃಂದ ನಡೆಸಿದ್ದು ಹೆಸರಾಂತ ಸಂಗೀತಗಾರ ಮೆಂಡೆಲ್‌ಸನ್. 1878ರಲ್ಲಿ ಇಲ್ಲಿನ ಹೋಖ್ ಸಂಗೀತ ಶಾಲೆ ಅವರನ್ನು ಕರೆದು ಕೆಲಸ ಕೊಟ್ಟಿತು. ಮನೆಯಲ್ಲೇ ಪಾಠ ಮಾಡಬಹುದು, ಸಂಗೀತ ಕಛೇರಿ ಕೊಡಲು ರಜೆ ತಗೊಳ್ಳಬಹುದು ಅಂತ ಮೊದಲೇ ಮಾತಾಗಿತ್ತು. ಮುಂದೆ ಜರ್ಮನಿಯವರು 100 ಮಾರ್ಕ್ ನೋಟಿನ ಮೇಲೆ ಅವರ ಮುಖ ಹಾಕಿದರು. ಹಿಂದುಗಡೆ ಒಂದು ಪಿಯಾನೋ.

ಇವತ್ತಿಗೂ ಆ ಪದ್ಧತಿ ಇದೆ. ನನ್ನ ಮಗಳಿಗೆ ಪಿಯಾನೋ ಹೇಳಿಕೊಡುವವರು ಕಛೇರಿ ಕೊಡುತ್ತಾರೆ, ಮಕ್ಕಳಿಗೆ ಅಂತ ಸಣ್ಣ ಸಣ್ಣ ತುಣುಕು ಬರೆಯುತ್ತಾರೆ. ಮಗು ರಜೆ ಹಾಕಿದರೂ ಅವರ ಫೀಸು ಅವರಿಗೆ. ಅದೇ ಸರಿ, ಅಲ್ವಾ?

ನಮ್ಮ ಮೇಷ್ಟ್ರು ಮಾಡುವುದೂ ಅದೇ ಮೂರು ಕೆಲಸ. ದೇವಸ್ಥಾನದ ಜಗಲಿಯಲ್ಲಿ ರಾತ್ರಿ ಊಟ ಆದ ಮೇಲೆ ತಾಲೀಮು ಶುರು. ಕಾಲಲ್ಲಿ ತುಳಿಯುವ ಹಾರ್ಮೋನಿಯಂ ಪೆಟ್ಟಿಗೆ ನುಡಿಸುತ್ತಾ ಒಬ್ಬೊಬ್ಬರನ್ನೂ ಹಾಡಿಸಿ, ಅವರ ಶ್ರುತಿ ಪೆಟ್ಟಿಗೆಯ ಯಾವ ಮನೆ ಅಂತ ನೋಡುತ್ತಾರೆ. ‘ನಿಂದು ಕಪ್ಪು ಒಂದು. ಅವನದು ಬಿಳಿ ನಾಲ್ಕು, ಅವನ ಜೊತೆ ಎಳೀಬೇಡ.’ ದುರ್ಯೋಧನನಿಗೆ ಮೋಹನ ರಾಗದ ಮಟ್ಟು ಏರದಿದ್ದರೆ ಅಲ್ಲೇ ಕೂತು ಬೇರೆ ಮಟ್ಟು ಕಟ್ಟುತ್ತಾರೆ. ನಾಟಕದ ರಾತ್ರಿ ಕರ್ಣ ಮಾತು ಮರೆತು ನಿಂತ. ಮೇಷ್ಟ್ರು ಅದೇ ರಾಗದಲ್ಲಿ ಬೆರಳು ಓಡಿಸುತ್ತಲೇ ಬಾಯಲ್ಲಿ ಮುಂದಿನ ಸಾಲು ಎತ್ತಿಕೊಟ್ಟರು. ಜನಕ್ಕೆ ಗೊತ್ತೇ ಆಗಲಿಲ್ಲ. ಒನ್ಸ್ ಮೋರ್ ಬಿದ್ದಿದ್ದು ಕರ್ಣನಿಗೆ.

ದುಡ್ಡಿನ ಮಾತು ಮಾತ್ರ ಕೊನೆಗೆ. ಸೀನರಿಯವರಿಗೆ ಮುಂಗಡ, ಮೈಕಿನವರಿಗೆ ಮುಂಗಡ. ಮೇಷ್ಟ್ರಿಗೆ ‘ಲೆಕ್ಕ ಆಗಲಿ ನೋಡೋಣ’. ಗುಬ್ಬಿ ನಾಟಕ ಕಂಪನಿ 1884ರಲ್ಲಿ ಹುಟ್ಟಿದ ನೆಲ ಇದು. ವೀರಣ್ಣನವರ ಹೆಸರು ಹೇಳಿ ಎದೆ ಉಬ್ಬಿಸುವ ನಾವು ಪೆಟ್ಟಿಗೆ ಮುಂದೆ ಕೂತವರನ್ನು ಹೀಗೆ ಕಾಯಿಸುವುದು ನನಗೆ ಸಹಿಸಲು ಆಗುವುದಿಲ್ಲ. ಅವರು ಕಟ್ಟಿದ ಮಟ್ಟುಗಳನ್ನು ಯಾರೂ ಬರೆದಿಟ್ಟಿಲ್ಲ. ಕ್ಲಾರಾ ಅವರ ಕನ್ಚರ್ಟೋ ಅಚ್ಚಾಗಿ ಉಳಿದಿದೆ, ಇವತ್ತಿಗೂ ನುಡಿಸುತ್ತಾರೆ.

ಹಾಗಂತ ಕ್ಲಾರಾ ಅವರಿಗೆ ಎಲ್ಲವೂ ಸುಮ್ನೆ ಸಿಗಲಿಲ್ಲ, ಅದನ್ನೂ ಹೇಳಬೇಕು. ಗಂಡ 1856ರಲ್ಲಿ ತೀರಿಕೊಂಡ ಮೇಲೆ ಊರೂರು ತಿರುಗಿ ಕಛೇರಿ ಕೊಟ್ಟು ಮಕ್ಕಳನ್ನು ಸಾಕಿದರು. ಸ್ವಂತ ಸಂಗೀತ ಬರೆಯುವುದು ಹೆಚ್ಚುಕಡಿಮೆ ನಿಂತೇ ಹೋಯಿತು. ಅವರ ಪಾಠಕ್ಕೆ ಆರಿಸಿದವರಿಗೆ ಮಾತ್ರ ಜಾಗ. ನನ್ನ ಮಗಳೂ ಒಂದು ಜಾಗಕ್ಕಾಗಿ ತಿಂಗಳುಗಟ್ಟಲೆ ಕಾದಳು. ನಮ್ಮ ಮೇಷ್ಟ್ರು ಯಾರನ್ನೂ ವಾಪಸ್ ಕಳಿಸಿದ್ದಿಲ್ಲ. ಹಗಲೆಲ್ಲ ರಾಗಿ ಕೊಯ್ದು ಬಂದವನಿಗೆ, ಶ್ರುತಿ ಅಂದರೇನು ಅಂತ ಗೊತ್ತಿಲ್ಲದವನಿಗೆ, ಕಂದಪದ್ಯ ಹಾಡಲು ಕಲಿಸಿದ್ದಾರೆ. ಅಂಥ ಸಂಗೀತ ಶಾಲೆ ಈ ಊರಲ್ಲಿ ನನಗೆ ಇನ್ನೂ ಸಿಕ್ಕಿಲ್ಲ.