ಜಾಲಿ ಮಾತ್ರ ಒಣಗಿದೆ

ನಮ್ಮೂರ ಬಸ್ ಸ್ಟ್ಯಾಂಡಿನ ಹೊಸ ಶೌಚಾಲಯದ ಫೋಟೋ ಪೇಪರಿನಲ್ಲಿ ಬಂದದ್ದನ್ನು ನೀವೂ ನೋಡಿರುತ್ತೀರಿ. ಉದ್ಘಾಟನೆಯ ರಿಬ್ಬನ್ ಇನ್ನೂ ಚಿಲಕದಲ್ಲೇ ನೇತಾಡುತ್ತಿದೆ. ಒಳಗೆ ಅಂಗಾಲು ಮುಳುಗುವಷ್ಟು ನೀರು, ದಾಟಿಕೊಂಡು ಹೋಗಲು ಸಾಲಾಗಿ ಇಟ್ಟಿಗೆ. ಸಂಬಂಧಪಟ್ಟವರು ಕೊಟ್ಟ ಉತ್ತರವೂ ಗೊತ್ತಿದೆ: ಎಲ್ಲ ಕೋಡ್ ಪ್ರಕಾರವೇ, ಅಂದರೆ ಕಟ್ಟಡ ನಿಯಮದ ಪುಸ್ತಕದಲ್ಲಿ ಇದ್ದ ಹಾಗೇ ಆಗಿದೆ.

ಪ್ಯಾಂಟ್ ಮಡಚಿಕೊಂಡು ಒಳಗೆ ಹೋಗಿ ನೋಡಿದೆ. ಪಾಪ, ಅವರು ಹೇಳಿದ್ದು ಸುಳ್ಳಲ್ಲ. ಮೂಲೆಯಲ್ಲಿ ನೆಲದ ನೀರನ್ನು ಒಳಚರಂಡಿಗೆ ಬಿಡುವ ಬಗ್ಗಿದ ಪೈಪು, ಅಂದರೆ ಟ್ರ್ಯಾಪ್ ಇದೆ. ಅದರ ಮೇಲೆ ಪಳಪಳ ಹೊಳೆಯುವ ಸ್ಟೀಲ್ ಜಾಲಿ ಇದೆ. ಇಡೀ ಕೋಣೆಯಲ್ಲಿ ಒಣಗಿದ ಜಾಗ ಅಂತ ಇದ್ದರೆ ಆ ಜಾಲಿಯೊಂದೇ. ಯಾಕೆಂದರೆ ಇಡೀ ನೆಲದಲ್ಲಿ ಎಲ್ಲಕ್ಕಿಂತ ಎತ್ತರದ ಜಾಗವೂ ಅದೇ.

ಕೋಡ್ ಬಗ್ಗೆ ನನಗೆ ಗೌರವವಿದೆ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಮೊದಲು ಬಂದದ್ದು 1970ರಲ್ಲಿ. 2016ರ ಆವೃತ್ತಿ ಎರಡು ದಪ್ಪ ಸಂಪುಟ. ಅದರ 9ನೇ ಭಾಗ ಪೂರ್ತಿ ಪ್ಲಂಬಿಂಗ್‌ಗೇ ಮೀಸಲು. ಟ್ರ್ಯಾಪ್ ಒಳಗೆ ಯಾವಾಗಲೂ 50 ಮಿಲಿಮೀಟರ್ ನೀರು ನಿಂತಿರಬೇಕು ಅನ್ನುತ್ತದೆ. ಆ ನೀರು ಇದ್ದರೆ ಒಳಚರಂಡಿಯ ವಾಸನೆ ಮೇಲೆ ಬರುವುದಿಲ್ಲ. ನಮ್ಮಲ್ಲಿ ಟ್ರ್ಯಾಪ್‌ವರೆಗೆ ಒಂದು ಹನಿಯೂ ತಲುಪದೆ ಒಳಗಿದ್ದ ನೀರೂ ಆವಿಯಾಗಿ ಹೋಗಿದೆ. ನಿಲ್ಲಬೇಕಾದ ಕಡೆ ನೀರಿಲ್ಲ, ಹರಿಯಬೇಕಾದ ಕಡೆ ನಿಂತಿದೆ. ವಾಸನೆಗೆ ಮಾತ್ರ ದಾರಿ ಸಲೀಸು.

ಶೌಚಾಲಯಕ್ಕೆ ಈ ನೀರಿನ ಬೀಗ ಹಾಕಿ 1775ರಲ್ಲಿ ಪೇಟೆಂಟ್ ಪಡೆದವನು ಅಲೆಕ್ಸಾಂಡರ್ ಕಮಿಂಗ್. ಸ್ಕಾಟ್ಲೆಂಡಿನವನು, ಕಸುಬಿನಲ್ಲಿ ಗಡಿಯಾರದವನು. ಪ್ಲಂಬರ್ ಅಲ್ಲ, ಇಂಜಿನಿಯರ್ ಅಲ್ಲ, ಟೆಂಡರ್ ಹಾಕಿದವನೂ ಅಲ್ಲ! ಪೈಪನ್ನು ಎಸ್ ಆಕಾರಕ್ಕೆ ಬಗ್ಗಿಸಿದ, ಬಗ್ಗಿದಲ್ಲಿ ಒಂದಿಷ್ಟು ನೀರು ನಿಂತಿತು, ಮೂಗಿಗೆ ನೆಮ್ಮದಿ ಆಯಿತು. ಗಡಿಯಾರ ರಿಪೇರಿಯವರಿಗೇ ನಮ್ಮ ಶೌಚಾಲಯಗಳ ಕೆಲಸ ಕೊಟ್ಟುಬಿಟ್ಟರೆ ಹೇಗೆ ಅಂತ ನನಗೊಂದು ಯೋಚನೆ ಇದೆ. ಈಗಂತೂ ಅವರೂ ಖಾಲಿ ಕೂತಿದ್ದಾರೆ.

ನಮ್ಮ ಮೇಸ್ತ್ರಿಗಳಿಗೆ ಬರುವುದಿಲ್ಲ ಅಂತ ಮಾತ್ರ ಹೇಳಬೇಡಿ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ, ಈ ತುದಿ ಒಬ್ಬ ಆ ತುದಿ ಇನ್ನೊಬ್ಬ ಹಿಡಿದು, ಇಡೀ ಕಟ್ಟಡದ ಮಟ್ಟವನ್ನು ಕೂದಲೆಳೆ ತಪ್ಪದ ಹಾಗೆ ಗುರುತು ಮಾಡುತ್ತಾರೆ. ನೀರಿನ ಸ್ವಭಾವ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತೊಂದರೆ ಬೇರೆ ಕಡೆ ಇದೆ. ಟ್ರ್ಯಾಪ್ ಕೂರಿಸುವವನು ಪ್ಲಂಬರ್. ಅವನ ಬಿಲ್ ಬೇರೆ. ಅವನು ಹೋಗಿ ಎಷ್ಟೋ ದಿನದ ಮೇಲೆ ಟೈಲ್ಸ್‌ನವನು ಬರುತ್ತಾನೆ. ಬಾಗಿಲಿನಿಂದ ಶುರು ಮಾಡಿ, ರಸಮಟ್ಟ ಇಟ್ಟು, ಅಪ್ಪಟ ಸಮತಟ್ಟಾಗಿ ಹಾಕಿಕೊಂಡು ಹೋಗುತ್ತಾನೆ. ಮೂಲೆ ಮುಟ್ಟುವಾಗ ಜಾಲಿ ಒಂದು ಬೆರಳು ಮೇಲೆದ್ದಿರುತ್ತದೆ. ಸುತ್ತ ಒಂದಿಷ್ಟು ಬಿಳಿ ಸಿಮೆಂಟ್ ಮೆತ್ತಿ, 'ಲೆವೆಲ್ ಪರ್ಫೆಕ್ಟ್ ಸಾರ್' ಅನ್ನುತ್ತಾನೆ. ನಿಜವೇ. ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಕೊಟ್ಟಿದ್ದರೆ ಸಾಕಿತ್ತು, ನೀರು ತಾನಾಗೇ ಹೋಗುತ್ತಿತ್ತು. ಆದರೆ ಅದು ಇಬ್ಬರ ಬಿಲ್ಲಿನಲ್ಲೂ ಇಲ್ಲ.

ಆಮೇಲೆ ತಪಾಸಣೆ. ಟ್ರ್ಯಾಪ್ ಇದೆಯಾ? ಟಿಕ್. ಜಾಲಿ? ಟಿಕ್. ಗಾಳಿಯಾಡುವ ವೆಂಟ್ ಪೈಪ್? ಟಿಕ್, ಅದರ ಬಾಯಿಗೆ ಸಿಮೆಂಟ್ ತುಂಬಿದ್ದರೂ. ಅಂಗವಿಕಲರಿಗೆ ರ‍್ಯಾಂಪ್ ಇದೆ, ಹಿಡಿದುಕೊಳ್ಳಲು ಸ್ಟೀಲ್ ಕಂಬಿ ಇದೆ, ಬಾಗಿಲಿಗೆ ದೊಡ್ಡ ಬೀಗವೂ ಇದೆ. ಒಳಗೆ ಫಿನಾಯಿಲ್ ಡಬ್ಬ ಜೋಡಿಸಿದ್ದಾರೆ. ಎಲ್ಲ ನೋಡಿದರು, ಒಂದು ಬಕೆಟ್ ನೀರು ಸುರಿದು ನೋಡಿದವರಿಲ್ಲ. ಬಕೆಟ್ಟು, ಮಗ್ಗು ಬಳಸುವ ಜನ ನಾವು. ನಮ್ಮ ಶೌಚಾಲಯದಲ್ಲಿ ನೆಲಕ್ಕೆ ನೀರು ಬೀಳುತ್ತದೆ ಅನ್ನುವುದು ಕಟ್ಟಿದವರಿಗೆ ಗೊತ್ತಿರಲಿಲ್ವಾ?

ನಗು ಇಲ್ಲಿಗೆ ಸಾಕು. ಅಲ್ಲಿ ಕೆಲಸ ಮಾಡುವ ಹೆಂಗಸು ಬೆಳಗ್ಗೆಯಿಂದ ಸಂಜೆವರೆಗೆ ಕಡ್ಡಿಪೊರಕೆ ಹಿಡಿದು ನೀರನ್ನು ಏರಿನ ಕಡೆಗೆ ತಳ್ಳುತ್ತಾಳೆ. ಜಾಲಿ ಮುಟ್ಟುವ ಮೊದಲೇ ಅದು ಅವಳ ಕಾಲಿಗೇ ವಾಪಸ್ ಬರುತ್ತದೆ. ಗುಟ್ಕಾ ಪೊಟ್ಟಣ ಸಿಕ್ಕಿಕೊಂಡು ಕಟ್ಟಿಕೊಂಡರೆ ಕೈ ಹಾಕಿ ತೆಗೆಯುವವಳೂ ಅವಳೇ. ಕೈಗೆ ಗ್ಲೌಸ್ ಇಲ್ಲ. ಮಲ ಹೊರುವ ಪದ್ಧತಿ ನಿಷೇಧಿಸುವ ಕಾನೂನು 2013ರಲ್ಲಿ ಇನ್ನೊಮ್ಮೆ ಬಂತು, ಬಿಗಿಯಾಗಿಯೇ ಬಂತು. ಅದೂ ಒಳ್ಳೆಯ ಕಾಗದದ ಮೇಲೆ ಇದೆ. ಇತ್ತ ದೂರದ ಊರಿಗೆ ಹೊರಟ ಹೆಂಗಸರು ಇಂಥ ಜಾಗಕ್ಕೆ ಹೆದರಿ ಬೆಳಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಇದು ಯಾವ ತಪಾಸಣೆಯ ಪಟ್ಟಿಯಲ್ಲೂ ಬರುವುದಿಲ್ಲ. ಥೂ, ಒಂದು ನೆಲ ಇಳಿಜಾರು ಮಾಡಲು ನಮಗೆ ಇನ್ನೆಷ್ಟು ಸಂಪುಟ ಬೇಕು?

ಇರಲಿ, ಈಗ ದುರಸ್ತಿಗೆ ಹಣ ಮಂಜೂರಾಗಿದೆಯಂತೆ. ಹಳೆ ಟೈಲ್ಸ್ ಕೀಳುವುದಿಲ್ಲ. ಅದರ ಮೇಲೇ ಹೊಸದು ಹಾಕುತ್ತಾರೆ. ಜಾಲಿಯನ್ನೂ ಅಷ್ಟೇ ಎತ್ತರಿಸುತ್ತಾರೆ, ಕೋಡ್ ಪ್ರಕಾರ. ಹಾಗೆ ಮಾಡಿದರೆ ನೆಲ ಹೊಸ್ತಿಲಿಗಿಂತ ಮೇಲಾಗಿ ನೀರೆಲ್ಲ ಪ್ಲಾಟ್‌ಫಾರ್ಮಿಗೆ ಹರಿಯುತ್ತದಲ್ಲ ಅಂತ ಕೇಳಿದೆ. ಕಂಟ್ರಾಕ್ಟರ್ ಕಡೆಯವನಿಗೆ ನನ್ನ ದಡ್ಡತನ ಕಂಡು ಮರುಕವೇ ಆಯಿತು.

'ನೀರು ಹೊರಗೆ ಹೋಗಬೇಕು ಅಂತ ತಾನೇ ಸಾರ್ ನೀವೆಲ್ಲ ಕಂಪ್ಲೇಂಟ್ ಕೊಟ್ಟಿದ್ದು?'