ಸೋತವನಿಗೆ ತೋರಿಸಿ, ಬೇಗ ತೋರಿಸಿ

ಇವಿಎಂ ಬೇಕಾ, ಬ್ಯಾಲೆಟ್ ಪೇಪರ್ ಬೇಕಾ? ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಬ್ಯಾಲೆಟ್ ಪೇಪರನ್ನೇ ಬಳಸಬೇಕು ಎಂದು 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ತೀರ್ಮಾನ ಮಾಡಿತಲ್ಲ, ಆವತ್ತಿನಿಂದ ಈ ಜಗಳ ನಿಂತೇ ಇಲ್ಲ. ಮಷಿನ್ ಅಂದರೆ ಮೋಸ ಅನ್ನುವವರು ಒಂದು ಕಡೆ. ಪೇಪರ್ ಅಂದರೆ ಬೂತ್ ಲೂಟಿ ಅನ್ನುವವರು ಇನ್ನೊಂದು ಕಡೆ. ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲೂ ಇದೇ. ಚಿಕ್ಕಪ್ಪ ಮತ್ತು ಅವರ ಅಳಿಯ ಮಾತು ಬಿಡುವ ಹಂತಕ್ಕೆ ಬಂದಿದ್ದಾರೆ.

ಇಬ್ಬರಿಗೂ ಎರಡು ಊರಿನ ಕಥೆ ಹೇಳಬೇಕು ಅಂತಿದ್ದೆ. ಇಲ್ಲೇ ಬರೆದುಬಿಡುತ್ತೇನೆ.

ಮೊದಲನೆಯದು ಚಂಡೀಗಢ. 2024ರ ಜನವರಿ 30, ಮೇಯರ್ ಚುನಾವಣೆ. ಇದ್ದದ್ದೇ 36 ಓಟು. 35 ಕಾರ್ಪೊರೇಟರ್‌ಗಳು, ಒಬ್ಬರು ಸಂಸದರು. ಮಷಿನ್ ಇಲ್ಲ, ಬರೀ ಪೇಪರ್. ಎಎಪಿ ಮತ್ತು ಕಾಂಗ್ರೆಸ್ ಸೇರಿದರೆ 20, ಬಿಜೆಪಿ ಕಡೆ 16. ಬೆರಳಲ್ಲಿ ಎಣಿಸಬಹುದಾದ ಲೆಕ್ಕ. ಆದರೆ ಚುನಾವಣಾಧಿಕಾರಿ ಎಂಟು ಓಟು ಅಸಿಂಧು ಎಂದುಬಿಟ್ಟರು. ಇಪ್ಪತ್ತು ಹೋಗಿ ಹನ್ನೆರಡಾಯಿತು, ಬಿಜೆಪಿ ಗೆದ್ದಿತು. ಅವರು ಬ್ಯಾಲೆಟ್ ಮೇಲೆ ಪೆನ್ನಲ್ಲಿ ಗೀಚಿದ್ದು, ಗೀಚುತ್ತಾ ತಲೆ ಎತ್ತಿ ಕ್ಯಾಮೆರಾ ಕಡೆ ನೋಡಿದ್ದು ಎಲ್ಲ ವಿಡಿಯೊದಲ್ಲಿತ್ತು. ಸುಪ್ರೀಂ ಕೋರ್ಟ್ ಆ ಚೀಟಿಗಳನ್ನು ಕೋರ್ಟ್ ಹಾಲ್‌ಗೇ ತರಿಸಿಕೊಂಡು ನೋಡಿತು. ಎಂಟೂ ಓಟು ಸರಿಯಾಗಿವೆ, ಎಎಪಿಯ ಕುಲದೀಪ್ ಕುಮಾರ್ ಅವರೇ ಮೇಯರ್ ಎಂದು ಫೆಬ್ರುವರಿ 20ಕ್ಕೆ ತೀರ್ಪು ಕೊಟ್ಟಿತು. ಮೂರೇ ವಾರ.

ಎರಡನೆಯದು ನಮ್ಮ ಕೋಲಾರ ಜಿಲ್ಲೆಯ ಮಾಲೂರು. 2023ರ ವಿಧಾನಸಭಾ ಚುನಾವಣೆ. ಇಲ್ಲಿ ಇದ್ದದ್ದು ಇವಿಎಂ. ಕಾಂಗ್ರೆಸ್‌ನ ನಂಜೇಗೌಡರು 248 ಓಟಿನಿಂದ ಗೆದ್ದರು. ಸೋತ ಬಿಜೆಪಿಯ ಮಂಜುನಾಥ ಗೌಡರು ಎಣಿಕೆಯಲ್ಲೇ ಎಡವಟ್ಟಾಗಿದೆ ಎಂದು ಹೈಕೋರ್ಟಿಗೆ ಹೋದರು. ತೀರ್ಪು ಬಂದಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಹೈಕೋರ್ಟ್ ಆಯ್ಕೆಯನ್ನು ರದ್ದು ಮಾಡಿ, ಮತ್ತೆ ಎಣಿಸಿ ಎಂದಿತು. ಆ ಕೇಸಿನಲ್ಲಿ ನನಗೆ ಕಣ್ಣಿಗೆ ಹೊಡೆದದ್ದು ಬೇರೆ. ಎಣಿಕೆಯ ವಿಡಿಯೊ ಕೊಡಿ ಎಂದು ಕೋರ್ಟ್ ಕೇಳಿದರೆ, ಕೊಡಲು ಆಡಳಿತದ ಹತ್ತಿರ ಅದು ಇರಲೇ ಇಲ್ಲ. ಆಮೇಲೆ ಸುಪ್ರೀಂ ಕೋರ್ಟ್ ಆಯ್ಕೆ ರದ್ದತಿಗೆ ತಡೆ ಕೊಟ್ಟಿತು. ಮರು ಎಣಿಕೆ ಮಾಡಿ, ಆದರೆ ಫಲಿತಾಂಶ ಪ್ರಕಟಿಸದೆ ಮುಚ್ಚಿದ ಲಕೋಟೆಯಲ್ಲಿ ತಂದುಕೊಡಿ ಎಂದಿತು. ಅಷ್ಟೊತ್ತಿಗೆ ಐದು ವರ್ಷದ ಅವಧಿಯಲ್ಲಿ ಹತ್ತಿರ ಹತ್ತಿರ ಅರ್ಧ ಮುಗಿದಿತ್ತು.

ಎರಡೂ ಕಡೆ ಯಾವ ಪಕ್ಷ ಗೆದ್ದಿತ್ತು, ಯಾವುದು ಸೋತಿತ್ತು ಎಂದು ನೋಡಿ. ಒಂದರಲ್ಲಿ ಬಿಜೆಪಿ, ಇನ್ನೊಂದರಲ್ಲಿ ಕಾಂಗ್ರೆಸ್. ಒಂದರಲ್ಲಿ ಪೇಪರ್, ಇನ್ನೊಂದರಲ್ಲಿ ಮಷಿನ್. ಪೇಪರ್ ಇದ್ದ ಕಡೆಯೂ ಮೋಸ ನಡೆಯಿತು. ಸಿಕ್ಕಿಬಿದ್ದಿದ್ದು ಕ್ಯಾಮೆರಾ ಇದ್ದದ್ದಕ್ಕೆ, ಸರಿಯಾಗಿದ್ದು ಕೋರ್ಟ್ ಬೇಗ ನೋಡಿದ್ದಕ್ಕೆ. ಮಾಲೂರಿನಲ್ಲಿ ಮೋಸ ನಡೆದಿದೆ ಅಂತ ನಾನು ಹೇಳುತ್ತಿಲ್ಲ. ನಡೆದಿಲ್ಲ ಅಂತ ತೋರಿಸೋಕೆ ಬೇಕಾದ ವಿಡಿಯೊನೇ ಇರಲಿಲ್ಲ ಅನ್ನೋದೇ ನನ್ನ ತಕರಾರು.

ಗೆದ್ದವನಿಗೆ ಯಾವ ಚುನಾವಣೆಯ ಮೇಲೂ ಅನುಮಾನ ಬರುವುದಿಲ್ಲ. ಚುನಾವಣೆ ನಡೆಸುವುದೇ ಸೋತವನು ಎದ್ದು, ಸರಿ ಬಿಡಪ್ಪಾ, ಸೋತೆ ಎಂದು ಮನೆಗೆ ಹೋಗಲಿ ಅಂತ. 2004ರಲ್ಲಿ ಸಂತೆಮರಹಳ್ಳಿಯಲ್ಲಿ ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಓಟು! ಸೋತವರ ಡ್ರೈವರ್‌ಗೆ ಓಟು ಹಾಕಲು ಬಿಡುವೇ ಸಿಗಲಿಲ್ಲವಂತೆ ಅನ್ನುವ ಮಾತು ಚಾಮರಾಜನಗರದ ಕಡೆ ಇವತ್ತಿಗೂ ಓಡಾಡುತ್ತದೆ. ಒಂದು ಓಟಿನ ಸೋಲನ್ನು ನುಂಗಿಕೊಳ್ಳಬೇಕು ಅಂದರೆ ಎಣಿಸಿದವರ ಮೇಲೆ ಎಷ್ಟು ನಂಬಿಕೆ ಇರಬೇಕು, ಯೋಚನೆ ಮಾಡಿ.

ಸಂಸ್ಥೆಗಳನ್ನು ಪ್ರಶ್ನೆ ಮಾಡಿದರೆ ಅವು ದುರ್ಬಲ ಆಗುತ್ತವೆ ಎಂದು ಕೆಲವರು ಹೇಳುತ್ತಾರೆ. ಇವಿಎಂನ ಇತಿಹಾಸವೇ ಇದಕ್ಕೆ ಉಲ್ಟಾ ಇದೆ. ಮೊದಲ ಸಲ ಈ ಮಷಿನ್ ಬಳಸಿದ್ದು 1982ರಲ್ಲಿ, ಕೇರಳದ ಪರವೂರು ಕ್ಷೇತ್ರದ 50 ಬೂತ್‌ಗಳಲ್ಲಿ. ಸಿಪಿಐನ ಶಿವನ್ ಪಿಳ್ಳೈ ಈ ಮಷಿನ್ ಬೇಡ ಎಂದು ಚುನಾವಣೆಗೆ ಮೊದಲೇ ಕೋರ್ಟಿಗೆ ಹೋಗಿದ್ದರು. ಕೆಲಸ ಆಗಲಿಲ್ಲ. ತಮಾಷೆ ಏನೆಂದರೆ ಗೆದ್ದಿದ್ದು ಅವರೇ, 123 ಓಟಿನಿಂದ! ಆಗ ಸೋತ ಕಾಂಗ್ರೆಸ್‌ನ ಎ.ಸಿ. ಜೋಸ್ ಕೋರ್ಟಿಗೆ ಹೋದರು. ಮಷಿನ್ ಬಳಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ ಎಂದು 1984ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ 50 ಬೂತ್‌ಗಳಲ್ಲಿ ಪೇಪರ್‌ನಲ್ಲಿ ಮತ್ತೆ ಮತದಾನ ನಡೆಯಿತು, ಜೋಸ್ ಗೆದ್ದರು. 1988ರ ಡಿಸೆಂಬರ್‌ನಲ್ಲಿ ಸಂಸತ್ತು ಕಾನೂನು ತಿದ್ದಿ ಮಷಿನ್‌ಗೆ ಅವಕಾಶ ಕೊಟ್ಟಿತು.

ಓಟು ಯಾರಿಗೆ ಬಿತ್ತು ಎಂದು ಚೀಟಿಯಲ್ಲಿ ತೋರಿಸುವ ವಿವಿಪ್ಯಾಟ್ ಬಂದಿದ್ದೂ ಹೀಗೇ. ಸುಬ್ರಮಣಿಯನ್ ಸ್ವಾಮಿ ಕೋರ್ಟಿಗೆ ಹೋದರು, ಪೇಪರ್ ಸಾಕ್ಷಿ ಬೇಕೇ ಬೇಕು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019ರಲ್ಲಿ ಇನ್ನೊಂದು ಕೇಸು. ಒಂದು ವಿಧಾನಸಭಾ ಕ್ಷೇತ್ರಕ್ಕೆ ಒಂದು ಬೂತಿನ ಚೀಟಿ ಎಣಿಸುತ್ತಿದ್ದದ್ದು ಐದಕ್ಕೆ ಏರಿತು. 2024ರ ಏಪ್ರಿಲ್‌ನಲ್ಲಿ ಮತ್ತೊಂದು. ಎಲ್ಲಾ ಚೀಟಿ ಎಣಿಸಿ ಅನ್ನುವ ಬೇಡಿಕೆಯನ್ನು ಕೋರ್ಟ್ ಒಪ್ಪಲಿಲ್ಲ. ಆದರೆ ಎರಡನೇ, ಮೂರನೇ ಸ್ಥಾನಕ್ಕೆ ಬಂದವರು ದುಡ್ಡು ಕಟ್ಟಿ, ಐದು ಪರ್ಸೆಂಟ್ ಮಷಿನ್‌ಗಳನ್ನು ಇಂಜಿನಿಯರ್‌ಗಳಿಂದ ಪರೀಕ್ಷೆ ಮಾಡಿಸಬಹುದು ಎಂದಿತು. ಈ ಮಷಿನ್ ತಯಾರಾಗುವ ಎರಡು ಕಂಪನಿಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬಿಇಎಲ್. ಮಷಿನ್ ಮೇಲೆ ಇವತ್ತು ಅಷ್ಟೋ ಇಷ್ಟೋ ನಂಬಿಕೆ ಇದೆ ಅಂದರೆ ಅದಕ್ಕೆ ಅನುಮಾನ ಪಟ್ಟವರೂ ಕಾರಣ.

ನಾನು ಒಂದು ಸಲ ಬೂತ್ ಏಜೆಂಟ್ ಆಗಿ ಕೂತಿದ್ದೆ. ಬೆಳಿಗ್ಗೆ ಮತದಾನಕ್ಕೆ ಮೊದಲು ಮಾಕ್ ಪೋಲ್ ಮಾಡುತ್ತಾರೆ. ಎಲ್ಲ ಏಜೆಂಟರ ಎದುರಿಗೆ ಓಟು ಒತ್ತಿ, ಎಣಿಸಿ, ಅಳಿಸಿ, ಸೀಲ್ ಹಾಕುತ್ತಾರೆ. ಸಂಜೆ ಒಟ್ಟು ಎಷ್ಟು ಓಟು ಬಿತ್ತು ಎಂದು 17ಸಿ ಫಾರಂನಲ್ಲಿ ಬರೆದು ಪ್ರತಿ ಏಜೆಂಟರಿಗೂ ಒಂದು ಪ್ರತಿ ಕೊಡುತ್ತಾರೆ. ಇಡೀ ದಿನ ಒಬ್ಬರನ್ನೊಬ್ಬರು ಗುರಾಯಿಸುತ್ತಿದ್ದ ನಾವು ಒಂದೇ ಸೀಲಿನ ಮೇಲೆ ಸಹಿ ಮಾಡಿದ್ದೆವು. ಅಲ್ಲಿ ಯಾರೂ ಯಾರನ್ನೂ ನಂಬಬೇಕಾಗಿರಲಿಲ್ಲ. ಅದೇ ಅದರ ಸೊಗಸು.

ನನಗೆ ಮಷಿನ್‌ಗಿಂತ ಜಾಸ್ತಿ ಚಿಂತೆ ಮತದಾರರ ಪಟ್ಟಿಯದ್ದು. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ಚುನಾವಣೆಗೆ ಮೊದಲು, ಹೆಸರು ತೆಗೆಯಿರಿ ಎಂದು 6,018 ಆನ್‌ಲೈನ್ ಅರ್ಜಿ ಬಂದಿದ್ದವು. ಪರಿಶೀಲಿಸಿದಾಗ ಸರಿ ಇದ್ದದ್ದು 24 ಮಾತ್ರ ಎಂದು ಚುನಾವಣಾ ಆಯೋಗವೇ ಹೇಳಿದೆ. ಮಿಕ್ಕವನ್ನು ತಿರಸ್ಕರಿಸಿದರು, ಪೊಲೀಸ್ ದೂರನ್ನೂ ಕೊಟ್ಟರು. ಒಪ್ಪೋಣ, ಅಲ್ಲಿ ವ್ಯವಸ್ಥೆ ಕೆಲಸ ಮಾಡಿತು. ಆದರೆ ಅಷ್ಟೊಂದು ಅರ್ಜಿ ಹಾಕಿದ್ದು ಯಾರು? ಅದಕ್ಕೆ ಉತ್ತರ ಸಿಗದೆ ವರ್ಷಗಟ್ಟಲೆ ಎಳೆದಾಡಿತು. ಆ ಖಾಲಿ ಜಾಗದಲ್ಲಿ ಎಲ್ಲರೂ ತಮಗೆ ಬೇಕಾದ ಕಥೆ ಬರೆದುಕೊಂಡರು.

ಬಿಹಾರದಲ್ಲಿ 2025ರಲ್ಲಿ ಪಟ್ಟಿ ಪರಿಷ್ಕರಣೆ ಮಾಡಿದಾಗ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಬಿಟ್ಟುಹೋಗಿದ್ದವು. ಯಾರು, ಯಾಕೆ ಎಂದು ಪಟ್ಟಿ ಹಾಕಿ ಎಂದು ವಿರೋಧ ಪಕ್ಷದವರು, ಸಂಘಟನೆಗಳು ಕೇಳಿದರು. ಕಾನೂನಿನಲ್ಲಿ ಹಾಗೆ ಹಾಕಲೇಬೇಕು ಅಂತಿಲ್ಲ ಎಂದಿತು ಆಯೋಗ. ಆಗಸ್ಟ್ 14ರಂದು ಸುಪ್ರೀಂ ಕೋರ್ಟ್, ಹೆಸರು ಮತ್ತು ಕಾರಣ ಎರಡನ್ನೂ ವೆಬ್‌ಸೈಟ್‌ನಲ್ಲಿ ಹಾಕಿ ಎಂದಿತು. ಕೆಲವೇ ದಿನದಲ್ಲಿ ಹಾಕಿದರು. ಅಂದರೆ ಹಾಕಲು ಆಗುತ್ತಿತ್ತು! ಮೊದಲ ದಿನವೇ ತಾವಾಗಿ ಹಾಕಿದ್ದರೆ ಆಯೋಗದ ಗೌರವ ಹೆಚ್ಚುತ್ತಿತ್ತು. ಕೋರ್ಟ್ ಹೇಳಿದ ಮೇಲೆ ಹಾಕಿದರೆ, ಏನೋ ಮುಚ್ಚಿಡುತ್ತಿದ್ದರು ಅಂತಲೇ ಜನ ಮಾತಾಡುತ್ತಾರೆ.

ಇಂಥದ್ದೇ ಇನ್ನೊಂದು. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಯೋಗದ ಜೊತೆ ಮಾತಾಡಿ ಚುನಾವಣಾ ನಿಯಮ ತಿದ್ದಿತು. ಸಿಸಿಟಿವಿ ದೃಶ್ಯಗಳನ್ನು ಸಾರ್ವಜನಿಕರು ಕೇಳಿ ನೋಡುವ ದಾರಿ ಮುಚ್ಚಿತು. ಮುಂದಿನ ವರ್ಷ, ಯಾರೂ ಕೋರ್ಟಿಗೆ ಹೋಗದಿದ್ದರೆ 45 ದಿನ ಬಿಟ್ಟು ದೃಶ್ಯ ಅಳಿಸಬಹುದು ಎಂದಿತು ಆಯೋಗ. ಮತದಾರರ ಖಾಸಗಿತನ ಅನ್ನೋದು ಕಾರಣ. ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಬೂತಿಗೆ ಯಾರು ಬಂದರು, ಯಾರು ಬರಲಿಲ್ಲ ಎಂದು ಊರಿನ ಪುಢಾರಿಗೆ ಗೊತ್ತಾಗುವುದು ಒಳ್ಳೆಯದಲ್ಲ. ಆದರೆ ಎಣಿಕೆ ಕೇಂದ್ರದಲ್ಲಿ ಯಾರ ಖಾಸಗಿತನ? ಅಲ್ಲಿರುವುದು ಅಧಿಕಾರಿಗಳು, ಏಜೆಂಟರು, ಮಷಿನ್‌ಗಳು.

ಚುನಾವಣಾ ಆಯುಕ್ತರ ನೇಮಕದ ವಿಷಯ ಎಲ್ಲರಿಗೂ ಗೊತ್ತಿರುವುದೇ. 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಪ್ರಧಾನಿ, ವಿರೋಧ ಪಕ್ಷದ ನಾಯಕ, ಮುಖ್ಯ ನ್ಯಾಯಮೂರ್ತಿ ಮೂವರೂ ಸೇರಿ ಆರಿಸಲಿ, ಕಾನೂನು ಬರುವವರೆಗೆ ಹೀಗೇ ಇರಲಿ ಎಂದಿತ್ತು. ಅದೇ ಡಿಸೆಂಬರ್‌ನಲ್ಲಿ ಬಂದ ಕಾನೂನಿನಲ್ಲಿ ಮುಖ್ಯ ನ್ಯಾಯಮೂರ್ತಿ ಜಾಗಕ್ಕೆ ಪ್ರಧಾನಿಯೇ ಆರಿಸುವ ಕೇಂದ್ರ ಸಚಿವರು ಬಂದರು. ಮೂರರಲ್ಲಿ ಎರಡು ಸರ್ಕಾರದ ಕಡೆ. ಕಾಂಗ್ರೆಸ್ ಕಾಲದಲ್ಲಿ ವಿರೋಧ ಪಕ್ಷದ ನಾಯಕರನ್ನು ಕೇಳುವ ಪದ್ಧತಿಯೂ ಇರಲಿಲ್ಲವಲ್ಲ ಎಂದು ಚಿಕ್ಕಪ್ಪ ಕೇಳುತ್ತಾರೆ. ನಿಜ. ಅವರು ಮಾಡಿದ್ದೂ ಸರಿ ಅಲ್ಲ.

ಇನ್ನು ಕೋರ್ಟುಗಳ ಮಾತು. ಕೋರ್ಟ್ ಹತ್ತಿದರೆ ಗೆದ್ದವ ಸೋತ, ಸೋತವ ಸತ್ತ ಎಂದು ನಮ್ಮ ಹಿರಿಯರು ಸುಮ್ನೆ ಹೇಳಲಿಲ್ಲ. ಎಸ್.ಆರ್. ಬೊಮ್ಮಾಯಿ ಅವರನ್ನೇ ನೋಡಿ. 1989ರ ಏಪ್ರಿಲ್‌ನಲ್ಲಿ ಅವರ ಸರ್ಕಾರವನ್ನು ವಜಾ ಮಾಡಿದರು. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ರಾಜ್ಯಪಾಲರು ಕೇಳಲಿಲ್ಲ. 1994ರ ಮಾರ್ಚ್‌ನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಪರೀಕ್ಷೆ ಆಗಬೇಕಾದ್ದು ಸದನದಲ್ಲೇ ಎಂದಿತು. ದೇಶಕ್ಕೆಲ್ಲ ಉಪಯೋಗವಾದ ತೀರ್ಪು. ಆದರೆ ಬೊಮ್ಮಾಯಿ ಅವರಿಗೆ ಸಿಕ್ಕಿದ್ದೇನು? ಐದು ವರ್ಷ ಕಳೆದಿತ್ತು. ನಡುವೆ ಚುನಾವಣೆಯೂ ಆಗಿ, ಬೇರೆ ಮುಖ್ಯಮಂತ್ರಿಗಳು ಬಂದು ಹೋಗಿದ್ದರು.

2018ರ ಮೇ ತಿಂಗಳಲ್ಲಿ ಅದೇ ಬೊಮ್ಮಾಯಿ ಕೇಸಿನ ಮಾತು ಮತ್ತೆ ನಮ್ಮ ವಿಧಾನಸೌಧಕ್ಕೇ ಬಂತು. ಬಹುಮತ ತೋರಿಸಲು ಯಡಿಯೂರಪ್ಪನವರಿಗೆ ರಾಜ್ಯಪಾಲರು 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಮಧ್ಯರಾತ್ರಿ ಕೂತು ಬೆಳಗಿನ ಜಾವದವರೆಗೆ ವಾದ ಕೇಳಿತು. ಪ್ರಮಾಣವಚನಕ್ಕೆ ತಡೆ ಕೊಡಲಿಲ್ಲ. ಮರುದಿನ, 18ಕ್ಕೆ, ನಾಳೆ 19ನೇ ತಾರೀಕು ಸಂಜೆ ನಾಲ್ಕಕ್ಕೆ ಸದನದಲ್ಲಿ ಓಟಾಗಲಿ ಎಂದಿತು. ಓಟಿಗೆ ಮೊದಲೇ ಅವರು ರಾಜೀನಾಮೆ ಕೊಟ್ಟರು. ಮನಸ್ಸು ಮಾಡಿದರೆ ಕೋರ್ಟಿಗೆ ಮೂರು ದಿನ ಸಾಕು.

ಮನಸ್ಸು ಮಾಡದಿದ್ದರೆ ಎಷ್ಟು ಬೇಕು? ಕೊಟ್ಟವರ ಹೆಸರು ಹೊರಗೆ ಬಾರದಂತೆ ಪಕ್ಷಗಳಿಗೆ ದೇಣಿಗೆ ಕೊಡುವ ಚುನಾವಣಾ ಬಾಂಡ್‌ನ ಕೇಸು 2017ರಲ್ಲೇ ಕೋರ್ಟಿಗೆ ಹೋಗಿತ್ತು. ಬಾಂಡ್ ರದ್ದು ಮಾಡಿದ ತೀರ್ಪು ಬಂದಿದ್ದು 2024ರ ಫೆಬ್ರುವರಿ 15ಕ್ಕೆ. ಇಡೀ 2019ರ ಲೋಕಸಭಾ ಚುನಾವಣೆ, ಬಹುತೇಕ ಎಲ್ಲ ರಾಜ್ಯಗಳ ಚುನಾವಣೆ ಆ ಬಾಂಡ್ ಚಾಲ್ತಿಯಲ್ಲಿದ್ದಾಗಲೇ ನಡೆದುಹೋದವು. ಆಮೇಲೆ ಕೋರ್ಟ್ ಗಟ್ಟಿಯಾಗಿಯೇ ನಿಂತಿತು. ಬಾಂಡ್‌ಗಳ ಮಾಹಿತಿ ಕೊಡಲು ಜೂನ್ ಕೊನೆವರೆಗೆ ಸಮಯ ಬೇಕು ಎಂದ ಎಸ್‌ಬಿಐಗೆ, ನಾಳೆ ಸಂಜೆಯೊಳಗೆ ಕೊಡಿ ಎಂದಿತು. ಅದನ್ನು ಓದಿ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆ ಗಟ್ಟಿತನ ಐದು ವರ್ಷ ಮೊದಲೇ ಬಂದಿದ್ದರೆ ಅನ್ನಿಸದೆ ಇರಲಿಲ್ಲ.

ತುರ್ತು ಪರಿಸ್ಥಿತಿಯ ಕಾಲದ್ದು ಇನ್ನೂ ದೊಡ್ಡ ತಡ. ಬೆಂಗಳೂರಿನ ಜೈಲಿನಲ್ಲಿ ಅಡ್ವಾಣಿ ಮತ್ತಿತರರು ಇದ್ದರು. ಬಂಧನವನ್ನು ಪ್ರಶ್ನಿಸಿದ ಅರ್ಜಿಗಳನ್ನು ಕೇಳಬಹುದು ಎಂದ ಹೈಕೋರ್ಟುಗಳಲ್ಲಿ ನಮ್ಮದೂ ಒಂದು. ಆದರೆ 1976ರಲ್ಲಿ ಸುಪ್ರೀಂ ಕೋರ್ಟ್ ನಾಲ್ಕಕ್ಕೆ ಒಂದರಂತೆ ಆಗದು ಎಂದಿತು. ಒಪ್ಪದ ಆ ಒಬ್ಬರು, ಎಚ್.ಆರ್. ಖನ್ನಾ, ಮುಖ್ಯ ನ್ಯಾಯಮೂರ್ತಿ ಹುದ್ದೆ ಕಳೆದುಕೊಂಡರು. ಆ ತೀರ್ಪು ತಪ್ಪು ಎಂದು ಸುಪ್ರೀಂ ಕೋರ್ಟೇ ಹೇಳಿದ್ದು 2017ರಲ್ಲಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರು ಹಾಕಿದ ಕೇಸಿನಲ್ಲಿ. 41 ವರ್ಷ!

ತೋರಿಸುವ ವಿಷಯದಲ್ಲಿ ಕೋರ್ಟುಗಳು ಸ್ವಲ್ಪ ಮುಂದೆ ಹೋಗಿವೆ. ಕರ್ನಾಟಕ ಹೈಕೋರ್ಟಿನ ಕಲಾಪವನ್ನು ನಾನು ಯೂಟ್ಯೂಬ್‌ನಲ್ಲಿ ನೋಡುತ್ತೇನೆ. ಊಟದ ಹೊತ್ತಿಗೆ ಧಾರಾವಾಹಿ ಬದಲು ಅದೇ. 2024ರಲ್ಲಿ ನ್ಯಾಯಮೂರ್ತಿಯೊಬ್ಬರ ಮಾತಿನ ತುಣುಕು ಹರಿದಾಡಿ ಗಲಾಟೆಯಾಯಿತಲ್ಲ. ಆಗ ಸುಪ್ರೀಂ ಕೋರ್ಟ್, ಇದಕ್ಕೆ ಪರಿಹಾರ ಬಾಗಿಲು ಮುಚ್ಚುವುದಲ್ಲ ಎಂದಿತು. ಸರಿಯಾದ ಮಾತು. ಅದೇ ಮಾತು ಮಾಲೂರಿನಂಥ ಮುಚ್ಚಿದ ಲಕೋಟೆಗಳಿಗೂ ಅನ್ವಯ ಆಗಬೇಕು, ಅಲ್ವಾ?

ಮತದಾರರಾದ ನಮ್ಮದೂ ತಪ್ಪಿದೆ. ಗೆದ್ದಾಗ ಜನಾದೇಶ, ಸೋತಾಗ ಮತಗಳ್ಳತನ ಅನ್ನುವ ನಾಯಕರನ್ನು ನಾವು ಯಾವತ್ತೂ ಪ್ರಶ್ನೆ ಮಾಡುವುದಿಲ್ಲ. ಕರ್ನಾಟಕದಲ್ಲಿ 2023ರಲ್ಲಿ ಇದ್ದದ್ದೂ, 2024ರಲ್ಲಿ ಇದ್ದದ್ದೂ ಇವಿಎಂ. ಅನುಮಾನ ಇದ್ದರೆ ಎರಡರ ಮೇಲೂ ಇರಲಿ. ಅದೂ ಅಲ್ಲದೆ, ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದು ಐದು ವರ್ಷ ಕಳೆದರೂ ಚುನಾವಣೆ ಆಗಲಿಲ್ಲ. ಆ ಅವಧಿಯಲ್ಲಿ ಬಿಜೆಪಿಯೂ ಆಳಿತು, ಕಾಂಗ್ರೆಸ್ಸೂ ಆಳಿತು. ಮೀಸಲಾತಿ ಪಟ್ಟಿ, ವಾರ್ಡ್ ವಿಂಗಡಣೆ, ಹೈಕೋರ್ಟ್, ಸುಪ್ರೀಂ ಕೋರ್ಟ್ ಎಂದು ಸುತ್ತುತ್ತಲೇ ಇತ್ತು. ಪೇಪರ್ರೋ ಮಷಿನ್ನೋ ಎಂದು ಜಗಳ ಆಡಲು ಮೊದಲು ಚುನಾವಣೆ ಬೇಕಲ್ಲ!

ನಾನು ಕೇಳುವುದು ದೊಡ್ಡದೇನಲ್ಲ. ಚುನಾವಣಾ ತಕರಾರು ಅರ್ಜಿಯನ್ನು ಆರು ತಿಂಗಳೊಳಗೆ ಮುಗಿಸಲು ಪ್ರಯತ್ನಿಸಬೇಕು ಎಂದು ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಈಗಾಗಲೇ ಇದೆ. ಪ್ರಯತ್ನಿಸಬೇಕು ಅನ್ನೋದನ್ನು ಮುಗಿಸಲೇಬೇಕು ಎಂದು ಮಾಡಿ. ಅದಕ್ಕೆಂದೇ ಹೈಕೋರ್ಟಿನಲ್ಲಿ ಬೇರೆ ಕೇಸಿನ ಹೊರೆ ಇಲ್ಲದ ನ್ಯಾಯಮೂರ್ತಿಗಳನ್ನು ಕೊಡಿ. ಪಟ್ಟಿಯಿಂದ ಹೆಸರು ತೆಗೆದರೆ ಕಾರಣದ ಸಮೇತ ಅದೇ ವಾರ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿ. ಎಣಿಕೆಯ ವಿಡಿಯೊವನ್ನು ಐದು ವರ್ಷ ಇಟ್ಟುಕೊಳ್ಳಿ, ಸೋತ ಅಭ್ಯರ್ಥಿ ಕೇಳಿದರೆ ಪೆನ್‌ಡ್ರೈವ್‌ನಲ್ಲಿ ಹಾಕಿಕೊಡಿ. ಕಳೆದುಹೋಗಿದೆ ಅನ್ನುವ ಅಧಿಕಾರಿಗೆ ಮುಂದಿನ ಬಡ್ತಿ ಇಲ್ಲ ಎಂದು ನಿಯಮದಲ್ಲೇ ಬರೆಯಿರಿ.