ಕೀಲೆಸ್ ಕಾರು: ಬೀಗ ಚೆನ್ನಾಗಿದೆ, ತೊಂದರೆ ಬೇರೆ ಕಡೆ ಇದೆ

ನಮ್ಮ ಕಾರಿನೊಳಗೆ ಯಾರೋ ನುಗ್ಗಿ ಎಲ್ಲವನ್ನೂ ಕೆದಕಿ ಹೋಗಿದ್ದಾರೆ. ಗಾಜು ಒಡೆದಿಲ್ಲ, ಬಾಗಿಲ ಮೇಲೆ ಗೀರೂ ಇಲ್ಲ. ಸರ್ವಿಸ್ ಸೆಂಟರ್‌ನವರು ನೋಡಿ, "ಲಾಕ್ ಚೆನ್ನಾಗಿದೆ, ಚಿಂತೆ ಬೇಡ" ಅಂದರು. ನನಗೆ ಸಿಟ್ಟು ಬಂದಿದ್ದು ಈ ಮಾತಿಗೇ. ಚೆನ್ನಾಗಿರುವ ಲಾಕ್ ಕಳ್ಳನಿಗೆ ತೆರೆದುಕೊಂಡಿದೆ ಅಂದರೆ ಚಿಂತೆ ಜಾಸ್ತಿ ಆಗಬೇಕು, ಅಲ್ವಾ?

ನಮ್ಮದು ಕೀಲೆಸ್ ಕಾರು. ಕೀ ಜೇಬಿನಲ್ಲಿದ್ದರೆ ಸಾಕು, ಬಟನ್ ಒತ್ತದೆಯೇ ಬಾಗಿಲು ತೆರೆಯುತ್ತದೆ. ಹ್ಯಾಂಡಲ್ ಮುಟ್ಟಿದಾಗ ಕಾರು ಸುಮಾರು 125 ಕಿಲೋಹರ್ಟ್ಸ್‌ನ ಸಿಗ್ನಲ್ ಕಳಿಸುತ್ತದೆ. ಅದು ಒಂದೆರಡು ಮೀಟರ್ ದಾಟುವುದಿಲ್ಲ. ಹಾಗಾಗಿ ಕೀ ಉತ್ತರ ಕೊಟ್ಟರೆ ಮಾಲೀಕ ಪಕ್ಕದಲ್ಲೇ ಇದ್ದಾನೆ ಅಂತ ಕಾರು ನಂಬುತ್ತದೆ. ಕಳ್ಳರು ಇಬ್ಬರು ಬರುತ್ತಾರೆ. ಒಬ್ಬ ಕಾರಿನ ಹತ್ತಿರ, ಇನ್ನೊಬ್ಬ ಮನೆ ಬಾಗಿಲ ಹತ್ತಿರ. ಕೈಯಲ್ಲಿರುವ ಸಾಧನದಿಂದ ಆ ಸಿಗ್ನಲ್ಲನ್ನು ಒಳಗಿರುವ ಕೀವರೆಗೂ ದಾಟಿಸುತ್ತಾರೆ. ಕೋಡ್ ಒಡೆಯುವ ಅಗತ್ಯವೇ ಇಲ್ಲ. ಎನ್‌ಕ್ರಿಪ್ಷನ್ ಎಷ್ಟು ಗಟ್ಟಿಯಾಗಿದ್ದರೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಇದು ಹೊಸ ವಿಷಯವೂ ಅಲ್ಲ. 2011ರಲ್ಲೇ ಸ್ವಿಟ್ಜರ್ಲೆಂಡ್‌ನ ಜ್ಯೂರಿಚ್‌ನಲ್ಲಿರುವ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 8 ಕಂಪನಿಗಳ 10 ಮಾಡೆಲ್ ಕಾರುಗಳನ್ನು ಹೀಗೇ ತೆರೆದು ತೋರಿಸಿದ್ದರು. ಪರಿಹಾರಗಳೂ ಬಂದಿವೆ. ಅಲುಗಾಡದೆ ಬಿದ್ದಿದ್ದರೆ ತಾನೇ ಮಲಗಿಬಿಡುವ ಕೀ ಇದೆ. ಸಿಗ್ನಲ್ ಹೋಗಿ ಬರಲು ಹಿಡಿದ ಸಮಯದಿಂದ ದೂರ ಅಳೆಯುವ ಅಲ್ಟ್ರಾ ವೈಡ್‌ಬ್ಯಾಂಡ್ ಅನ್ನುವ ರೇಡಿಯೋ ತಂತ್ರಜ್ಞಾನ ಇದೆ. ಇವು ಎಲ್ಲ ಕೀಲೆಸ್ ಕಾರಿನಲ್ಲೂ ಇರಬೇಕು. ದುಬಾರಿ ಮಾಡೆಲ್‌ಗೆ ಮಾತ್ರ ಕೊಡುವ ಸೌಲಭ್ಯ ಆಗಬಾರದು. ಲಕ್ಷಗಟ್ಟಲೆ ಕೊಟ್ಟು ಕಾರು ತಗೊಂಡವರು ಅದರ ಕೀಗೆ ಸಿಗ್ನಲ್ ತಡೆಯುವ ಚೀಲವನ್ನೂ ತಾವೇ ಹುಡುಕಬೇಕಾ?

ಸದ್ಯಕ್ಕೆ ಹುಡುಕಲೇಬೇಕು. ಆ ಚೀಲಕ್ಕೆ ಫ್ಯಾರಡೇ ಪೌಚ್ ಅಂತಾರೆ. ಅದನ್ನು ತಗೊಂಡರೆ ಕೀ ಒಳಗಿಟ್ಟು ಕಾರಿನ ಪಕ್ಕ ನಿಂತು ಪರೀಕ್ಷೆ ಮಾಡಿ. ಬಾಗಿಲು ತೆರೆದರೆ ಪೌಚ್ ಪ್ರಯೋಜನಕ್ಕಿಲ್ಲ. ಬಳಸಿ ಬಳಸಿ ಒಳಪದರ ಸವೆಯುತ್ತದೆ, ಆಗಾಗ ನೋಡುತ್ತಿರಿ. ಸ್ಪೇರ್ ಕೀಗೂ ಒಂದು ಪೌಚ್ ಬೇಕು. ಕೆಲವು ಕಾರುಗಳ ಸೆಟ್ಟಿಂಗ್ಸ್‌ನಲ್ಲಿ ಕೀಲೆಸ್ ಎಂಟ್ರಿಯನ್ನೇ ಆಫ್ ಮಾಡಬಹುದು. ನಾನು ಮಾಡಿದ್ದೇನೆ. ಬಟನ್ ಒತ್ತಿ ಬಾಗಿಲು ತೆಗೆಯುವುದು ಅಂಥ ದೊಡ್ಡ ಕಷ್ಟವೇನಲ್ಲ.

ಕಳ್ಳರು ಒಮ್ಮೆ ಒಳಗೆ ಬಂದು ಹೋಗಿದ್ದರೆ ಇಷ್ಟು ಸಾಲದು. ಮೆಕ್ಯಾನಿಕ್‌ಗಳು ಕಾರಿನ ದೋಷ ಪತ್ತೆ ಮಾಡಲು ಬಳಸುವ, ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟ್‌ಗೆ ಸಾಧನ ಸಿಕ್ಕಿಸಿ ಕೆಲವು ಕಾರುಗಳಿಗೆ ಹೊಸ ಕೀ ಸೇರಿಸಬಹುದು. ಹಾಗಾಗಿ ಕಾರಿನ ಮೆಮೊರಿಯಲ್ಲಿ ಎಷ್ಟು ಕೀ ದಾಖಲಾಗಿವೆ ಅಂತ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ನಿಮ್ಮ ಕೈಯಲ್ಲಿರುವುದಕ್ಕಿಂತ ಒಂದು ಜಾಸ್ತಿ ಇದ್ದರೂ ಎಲ್ಲವನ್ನೂ ಅಳಿಸಿ, ನಿಮ್ಮವನ್ನು ಮಾತ್ರ ಮತ್ತೆ ಸೇರಿಸಲು ಹೇಳಿ. ನಮಗೆ ಇದನ್ನು ಯಾರೂ ಹೇಳಲಿಲ್ಲ. ನಾನೇ ಪಟ್ಟು ಹಿಡಿದು ಮಾಡಿಸಿದೆ.

ಹೆಡ್‌ಲೈಟ್ ಹತ್ತಿರದ ವೈರಿಂಗ್ ಮೂಲಕ ಕಾರಿನ ಒಳಗಿನ ನೆಟ್‌ವರ್ಕ್‌ಗೇ ಕೈ ಹಾಕುವವರೂ ಇದ್ದಾರೆ. ಅದಕ್ಕೆ ಪೌಚ್ ಏನೂ ಮಾಡಲಾರದು. ಅದಕ್ಕೇ ಕಣ್ಣಿಗೆ ಕಾಣುವ ಗಟ್ಟಿ ಸ್ಟೀರಿಂಗ್ ಲಾಕ್ ಕೂಡ ಹಾಕುತ್ತಿದ್ದೇನೆ. ಅದನ್ನು ಕತ್ತರಿಸಲು ಹೊತ್ತು ಬೇಕು, ಸದ್ದೂ ಆಗುತ್ತದೆ.